ಉಜ್ಜನಪ್ಪನ ಕಾರಿಗೆ ಎಳೆದ ಸುಣ್ಣದ ಗೆರೆ

ಕೆಂಚವೀರಪ್ಪನ ಮನೆ ಗೋಡೆಗೆ ಅಂಗಿ ಸಿಗಿಸೋಕೆ ಎರಡು ಮೊಳೆ. ಹಳೇದು ತಲೆಗಿಂತ ಮೇಲೆ, ಅವನೇ ಪ್ರಾಯದಲ್ಲಿ ಹೊಡೆದದ್ದು. ಹೊಸದು ಎದೆಮಟ್ಟಕ್ಕೆ, ಅವನ ಹೆಂಡತಿ ಉಚ್ಚೆಂಗೆಮ್ಮ ಒಂದು ಸಂಜೆ ಮಂಡಕ್ಕಿ ಭಟ್ಟಿಯ ಕೆಲಸ ಮುಗಿಸಿ ಬಂದವಳೇ ಹೊಡೆದದ್ದು. ಯಾಕ ಹೊಡೆದೆ ಅಂತ ಇವನು ಕೇಳಲಿಲ್ಲ, ಇಂಥದ್ದಕ್ಕೆ ಅಂತ ಅವಳೂ ಹೇಳಲಿಲ್ಲ. ಗಂಡನ ಬಲಗೈ ಹೆಗಲಿಗಿಂತ ಮೇಲೆ ಏಳೋದಿಲ್ಲ ಅನ್ನೋದು ಇಬ್ಬರಿಗೂ ಗೊತ್ತಿದ್ದ ವಿಷಯ. ಆದರೂ ಆ ಮನುಷ್ಯನ ಹಠ ನೋಡಿ. ಎಡಗೈಯಲ್ಲಿ ಅಂಗಿ ಎಸೆದು, ಅದು ನೆಲಕ್ಕೆ ಬಿದ್ದರೆ ಗೊಣಗುತ್ತಾ ಎತ್ತಿ ಮತ್ತೆ ಎಸೆದು, ಮೇಲಿನ ಮೊಳೆಗೇ ಸಿಗಿಸುತ್ತಿದ್ದ. ಕೆಳಗಿನದು ಹಾಗೇ ಖಾಲಿ ಇತ್ತು.

ಅವನು ದಾವಣಗೆರೆಯ ವಿನೋಬನಗರದಲ್ಲಿ ಗಾಡಿ ರಿಪೇರಿ ಮೇಸ್ತ್ರಿ. ಹುಟ್ಟಿದ್ದು ಆನಗೋಡು. ಮೀಸೆ ಚಿಗುರೋ ಮೊದಲೇ ಊರು ಬಿಟ್ಟು ಬಂದು, ಲಾರಿ ಶೆಡ್ಡಿನಲ್ಲಿ ಒಬ್ಬ ಉಸ್ತಾದನ ಕೈಕೆಳಗೆ ಡೀಸೆಲ್‌ನಲ್ಲಿ ನಟ್ಟು ತೊಳೆಯುತ್ತಾ ಬೆಳೆದವನು. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಇವನ ಕೈ ಗ್ರೀಸಾಗಿ ನಲವತ್ತು ವರ್ಷದ ಮೇಲಾಯಿತು, ಬಾಯಿಗೆ ಸಿಕ್ಕಿದ್ದು ಮಾತ್ರ ಮಜ್ಜಿಗೆ, ಅದೂ ನೀರುಮಜ್ಜಿಗೆ. ಅದಕ್ಕೆ ಅವನು ಬೇಜಾರು ಮಾಡಿಕೊಂಡವನಲ್ಲ. ಇತ್ತೀಚೆಗೆ ಬೇಜಾರೆಲ್ಲ ಒಂದೇ. ಬೆಳಗ್ಗೆ ಎದ್ದರೆ ಮೈ ಏಳೋದಿಲ್ಲ, ಮೈ ಎದ್ದರೆ ಹೆಗಲು ಏಳೋದಿಲ್ಲ. ದಣಿವು ಅನ್ನೋದು ಮೊದಲೆಲ್ಲ ಸಂಜೆ ಬಂದು ಬೆಳಗ್ಗೆ ಹೋಗುತ್ತಿತ್ತು. ಈಗ ಮನೆ ಅಳಿಯನ ಹಾಗೆ ಇಲ್ಲೇ ಠಿಕಾಣಿ ಹೂಡಿತ್ತು.

ಶೆಡ್ಡಿನಲ್ಲಿ ಅವನ ಜೊತೆಗಾರ ಹಿದಾಯತ್. ನಲವತ್ತರ ಆಸುಪಾಸಿನ ಗಟ್ಟಿ ಆಳು, ಮಾತು ಕಡಿಮೆ. ಹರಿಹರದ ಲೇತ್ ಅಂಗಡಿಯಲ್ಲಿ ಕೆಲಸ ಕಲಿತು ಇಲ್ಲಿಗೆ ಬಂದವನು. ಇಬ್ಬರೂ ಕೂಡಿ ಶೆಡ್ಡು ನಡೆಸಿ ಎಷ್ಟೋ ವರ್ಷವಾಗಿದ್ದರೂ ಒಂದು ವಿಷಯದಲ್ಲಿ ಮಾತ್ರ ಇಬ್ಬರ ಕೈ ಕೂಡುತ್ತಿರಲಿಲ್ಲ. ಬಿಚ್ಚಿದ ಕೈಯೇ ಕಟ್ಟಬೇಕು. ಅದು ಉಸ್ತಾದನ ಕಾಲದ ಕಟ್ಟಳೆ. ಒಬ್ಬ ಬಿಚ್ಚಿ ಇನ್ನೊಬ್ಬ ಕಟ್ಟಿದರೆ, ಅವನು ಬಿಗಿದಿರ್ತಾನೆ ಅಂತ ಇವನು, ಇವನು ಬಿಗಿದಿರ್ತಾನೆ ಅಂತ ಅವನು ಸುಮ್ಮನಾಗಿ, ಗಾಡಿ ಹೋಗಿ ಹಳ್ಳಕ್ಕೆ ಬೀಳ್ತದೆ ಅಂತ ಉಸ್ತಾದ್ ಬೈದು ಬೈದು ಕಲಿಸಿದ್ದ. ಕೆಂಚವೀರಪ್ಪ ಅದನ್ನು ಶಾಸ್ತ್ರದ ಹಾಗೆ ಹಿಡಿದುಕೊಂಡಿದ್ದ. ಒಮ್ಮೆ ಇವನು ಚಾ ಕುಡಿಯೋಕೆ ಹೋದಾಗ, ಇವನು ಬಿಚ್ಚಿದ್ದ ಬೋಲ್ಟನ್ನು ಹಿದಾಯತ್ ಬಿಗಿದಿಟ್ಟಿದ್ದಕ್ಕೆ ವಾರಗಟ್ಟಲೆ ಮಾತು ಬಿಟ್ಟಿದ್ದ. ಆಮೇಲೆ ಹಿದಾಯತ್ ಆ ತಂಟೆಗೇ ಹೋಗಿರಲಿಲ್ಲ.

ಕಟ್ಟಿದ ಮೇಲೆ ಗೆರೆ. ಕೆಂಚವೀರಪ್ಪ ಎಲೆಅಡಿಕೆ ಹಾಕೋನು, ಜೇಬಿನಲ್ಲಿ ಸುಣ್ಣದ ಡಬ್ಬಿ ಯಾವಾಗಲೂ ಇರುತ್ತಿತ್ತು. ಮುಖ್ಯವಾದ ಬೋಲ್ಟು ಬಿಗಿದಾದ ಮೇಲೆ ಬೆರಳ ತುದಿಯಲ್ಲಿ ಚೂರು ಸುಣ್ಣ ತೆಗೆದು, ಬೋಲ್ಟಿನ ತಲೆಯಿಂದ ಪಕ್ಕದ ಕಬ್ಬಿಣದ ತನಕ ಒಂದು ಗೆರೆ ಎಳೆಯುತ್ತಿದ್ದ. ಬೋಲ್ಟು ಆಮೇಲೆ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ದಾವಣಗೆರೆ ಹರಿಹರದ ಡ್ರೈವರುಗಳಿಗೆ ಆ ಗೆರೆ ಗೊತ್ತು. ಮೇಸ್ತ್ರಿ ಸುಣ್ಣ ಹಚ್ಚಿದನಾ, ಹಂಗಾದರೆ ಕಣ್ಣು ಮುಚ್ಚಿಕೊಂಡು ಗಾಡಿ ತಗಿ ಅನ್ನೋರು.

ಇಂಥವನ ಶೆಡ್ಡಿಗೆ ಹರಿಹರದ ಉಜ್ಜನಪ್ಪ ತನ್ನ ಹಳೇ ಡೀಸೆಲ್ ಕಾರು ತಂದು ನಿಲ್ಲಿಸಿದ. ಹಗ್ಗ, ಹಾರೆ, ಗುದ್ದಲಿ ಮಾರೋ ಅಂಗಡಿ ಅವನದು. ಕೆಂಚವೀರಪ್ಪನ ಹಳೇ ಗಿರಾಕಿ, ಬೇರೆ ಶೆಡ್ಡಿನ ಮೆಟ್ಟಿಲು ಹತ್ತಿದವನಲ್ಲ.

"ಮೇಸ್ತ್ರಿ, ಗಾಡಿ ನಿಂತಲ್ಲೇ ಚಳಿಜ್ವರ ಬಂದಂಗೆ ನಡಗ್ತೈತೆ. ಬೆಲ್ಟು ಬ್ಯಾರೆ ಕಿರುಗುಡ್ತೈತೆ. ನಾಳೆ ಹೊತ್ತಾರೆ ಹುಬ್ಬಳ್ಳಿಗೆ ಹೋಗ್ಬೇಕ್ರಿ. ಮಗಳು ರೂಪಶ್ರೀಗೆ ಏಳು ತಿಂಗ್ಳು. ಕುಬುಸ ಮುಗೀತು, ಮನಿಗೆ ಕರ್ಕೊಂಡು ಬರ್ಬೇಕು. ಬಸ್ಸಿನಾಗೆ ಬ್ಯಾಡ ಅಂತ ನಮ್ಮ ಮನ್ಯಾಕಿ ದ್ರಾಕ್ಷಾಯಣಿ ಪಟ್ಟು ಹಿಡಿದಾಳೆ."

ಕೆಂಚವೀರಪ್ಪ ಬಾನೆಟ್ ಎತ್ತಿ, ಎಂಜಿನ್ ಓಡಿಸಿ, ಟಾರ್ಚು ಬಿಟ್ಟು ನೋಡಿದ. ಕಾಯಿಲೆ ಕ್ರ್ಯಾಂಕ್ ಪುಲ್ಲಿಯದು. ಎಂಜಿನ್ನಿನೊಳಗೆ ಸುತ್ತೋ ಕ್ರ್ಯಾಂಕ್ ಅನ್ನೋ ದಂಡದ ತುದಿಗೆ ಕೂರೋ ದಪ್ಪ ಗಾಲಿ ಅದು. ಒಳಗೊಂದು ಕಬ್ಬಿಣದ ಬಳೆ, ಹೊರಗೊಂದು, ನಡುವೆ ರಬ್ಬರು. ಎಂಜಿನ್ ಪ್ರತಿ ಸಲ ಉರಿದಾಗಲೂ ಕ್ರ್ಯಾಂಕಿಗೆ ಒಂದು ಏಟು ಬೀಳುತ್ತದೆ, ಆ ಏಟಿನ ನಡುಕವನ್ನು ಈ ರಬ್ಬರು ನುಂಗಿಕೊಳ್ಳುತ್ತದೆ. ಉಜ್ಜನಪ್ಪನ ಕಾರಿನಲ್ಲಿ ರಬ್ಬರು ಬಿರುಕು ಬಿಟ್ಟು, ಹೊರಬಳೆ ಕುಂಟುತ್ತಾ ಸುತ್ತುತ್ತಿತ್ತು. ಏಟು ನುಂಗಿ ನುಂಗಿ ಸಾಕಾಗಿದೆ ಇದಕ್ಕೂ ಅಂದುಕೊಂಡ ಕೆಂಚವೀರಪ್ಪ.

ಹೊಸ ಪುಲ್ಲಿ, ಹೊಸ ಬೋಲ್ಟು ತರಿಸಿದರು. ಮುಂದಿನ ಚಕ್ರ ಬಿಚ್ಚಿ ಪಕ್ಕಕ್ಕಿಟ್ಟರು. ಬೋಲ್ಟು ಬಿಚ್ಚೋದು ಅಷ್ಟು ಕಷ್ಟವಾಗಲಿಲ್ಲ. ಬೋಲ್ಟು ತಿರುಗಿಸೋ ಪಾನಕ್ಕೆ ಉದ್ದ ಪೈಪು ಸಿಗಿಸಿ, ಕಾಲಿಟ್ಟು ಮೈಭಾರ ಬಿಟ್ಟರೆ ಸಾಕು, ಕಿರ್ರ್ ಅಂತ ಸಡಿಲಾಯಿತು. ಆಮೇಲಿನದೆಲ್ಲ ಕೈಕೆಲಸ, ಅದರಲ್ಲಿ ಅವನಿಗೆ ದಣಿವೇ ತಿಳಿಯುತ್ತಿರಲಿಲ್ಲ. ಕ್ರ್ಯಾಂಕಿನ ಮೂತಿ ಒರೆಸಿ, ಪುಲ್ಲಿ ಜಾರದಂತೆ ಹಿಡಿಯೋ ಪುಟ್ಟ ಕೀಲು ತನ್ನ ಸೀಳಿನಲ್ಲಿ ಸರಿಯಾಗಿ ಕೂತಿದೆಯಾ ಅಂತ ಉಗುರಿನಲ್ಲಿ ನೋಡಿದ. ಎಣ್ಣೆ ಸೋರದಂತೆ ತಡೆಯೋ ಸೀಲಿನ ತುಟಿಗೆ ಆಯಿಲ್ ಸವರಿದ. ಹೊಸ ಪುಲ್ಲಿಯನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸೋರು ಬೇಕಾದಷ್ಟು ಜನ ಇದ್ದಾರೆ. ಬಡಿದರೆ ರಬ್ಬರೂ ಹಾಳು, ಒಳಗಿನ ಬೇರಿಂಗೂ ಹಾಳು. ಇವರ ಶೆಡ್ಡಿನಲ್ಲಿ ಅದಕ್ಕೆಂದೇ ಹಿದಾಯತ್ ಹರಿಹರದ ಲೇತಿನಲ್ಲಿ ಮಾಡಿಸಿಕೊಂಡು ಬಂದ, ಉದ್ದಕ್ಕೂ ತಿರುಪು ಕೊರೆದ ರಾಡು ಇತ್ತು. ಅದನ್ನು ಕ್ರ್ಯಾಂಕಿನೊಳಕ್ಕೆ ತಿರುಗಿಸಿ, ಮೇಲಿಂದ ನಟ್ಟು ಸುತ್ತುತ್ತಾ ಹೋದರೆ ಪುಲ್ಲಿ ಸದ್ದಿಲ್ಲದೆ ಜರುಗಿ ಹೋಗಿ ತನ್ನ ಜಾಗದಲ್ಲಿ ಕೂರುತ್ತದೆ.

ಕೂತಿತು. ರಾಡು ತೆಗೆದು ಹೊಸ ಬೋಲ್ಟು ಹಾಕಿದ. ಹಿದಾಯತ್ ಗಾಡಿ ಕೆಳಗೆ ಮಲಗಿ, ಎಂಜಿನ್ ಸುತ್ತದಂತೆ ಫ್ಲೈವೀಲಿನ ಹಲ್ಲಿಗೆ ದಪ್ಪ ಸ್ಕ್ರೂಡ್ರೈವರ್ ಕೊಟ್ಟು ಹಿಡಿದ. ಅಳತೆಯಷ್ಟು ಬಿಗಿ ಬಂದ ಕೂಡಲೇ ಸದ್ದು ಮಾಡೋ ಟಾರ್ಕ್ ಪಾನ ಟಕ್ ಅನ್ನೋ ತನಕ ಕೆಂಚವೀರಪ್ಪ ಬಿಗಿದ. ಅಲ್ಲಿಗೆ ಅರ್ಧ ಕೆಲಸ. ಟಕ್ ಅಂದ ಮೇಲೆ ಇನ್ನೂ ಕಾಲು ಸುತ್ತು ಎಳೆಯಬೇಕು, ಅದೇ ಆ ಬೋಲ್ಟಿನ ಜೀವ. ಈ ಗಾಡಿಯಲ್ಲಿ ಬಿಗಿಯುವ ಕಡೆಗೆ ಪೈಪಿನ ಮೇಲೆ ಕಾಲಿಡೋಕೆ ಜಾಗವಿಲ್ಲ. ಕುಕ್ಕರುಗಾಲಲ್ಲಿ ಕೂತು, ಪೈಪನ್ನು ಕೆಳಗಿಂದ ಮೇಲಕ್ಕೆ, ಹೆಗಲಿನ ಬಲದಲ್ಲೇ ಎತ್ತಬೇಕು.

ಎತ್ತಿದ. ಬೋಲ್ಟು ಒಂದು ಬೆರಳಗಲ ಜರುಗಿತೋ ಇಲ್ಲವೋ, ಹೆಗಲಲ್ಲಿ ಚುಳ್ ಅಂತ ಏನೋ ಹರಿದಂತಾಗಿ ಕಣ್ಣು ಕತ್ತಲೆಗಟ್ಟಿತು. ಕೈ ತಾನಾಗಿ ಪೈಪು ಬಿಟ್ಟಿತು. ಇನ್ನೊಮ್ಮೆ ಹಿಡಿದ. ಬೆರಳು ಮಡಚಿದವು, ತೋಳು ಮೇಲೇಳಲಿಲ್ಲ.

ಪಕ್ಕದಲ್ಲಿ ಉಜ್ಜನಪ್ಪ ಸ್ಟೂಲಿನ ಮೇಲೆ ಕೂತು, ಮಗಳಿಗೆ ಯಾವ ಕೋಣೆ ಬಿಡಿಸಿದ್ದೀನಿ, ಮಂಚ ಎಲ್ಲಿ ಹಾಕಿಸಿದ್ದೀನಿ ಅಂತ ಹೇಳುತ್ತಲೇ ಇದ್ದ. ಕೆಳಗಿಂದ ಹಿದಾಯತ್, "ಆತಾ ಕೆಂಚಣ್ಣ?" ಅಂದ.

ಹಿದಾಯತ್, ನೀನು ಎಳಿ ಅನ್ನೋಕೆ ಎಷ್ಟು ಹೊತ್ತು? ಬಾಯಿ ತುದಿಗೇ ಬಂದಿತ್ತು. ಆದರೆ ಬಿಚ್ಚಿದ ಕೈಯೇ ಕಟ್ಟಬೇಕು ಅಂತ ಇಷ್ಟು ವರ್ಷ ಜಂಭ ಕೊಚ್ಚಿದ ಬಾಯಿ ಅದು. ಗಿರಾಕಿಯ ಎದುರು ನನ್ನ ಕೈಲಿ ಆಗೋದಿಲ್ಲ ಅಂದುಬಿಟ್ಟರೆ ನಾಳೆಯಿಂದ ತಾನು ಯಾರು? ಶೆಡ್ಡಿನ ಮೂಲೆಯಲ್ಲಿ ಕೂತು ಎಲೆಅಡಿಕೆ ಜಗಿಯೋ ಮುದುಕ. ಕೆಂಚವೀರಪ್ಪನಿಗೆ ಹೆದರಿಕೆಯಾಯಿತು. ಹೆಗಲಿನ ನೋವಿಗಿಂತ ಅದೇ ಜೋರಾಗಿತ್ತು.

"ಆತು," ಅಂದ.

ಎಡಗೈಯಲ್ಲಿ ಡಬ್ಬಿ ತೆಗೆದು, ಸುಣ್ಣದ ಗೆರೆ ಎಳೆದ. ಎಡಗೈಯಾದರೂ ನೆಟ್ಟಗೇ ಬಂತು. ಚಕ್ರ ಹಾಕಿದರು. ಎಂಜಿನ್ ಒಂಚೂರು ನಡುಗದೆ ಓಡಿತು. ಉಜ್ಜನಪ್ಪ ಖುಷಿಯಿಂದ ಹಾರನ್ ಹೊಡೆದುಕೊಂಡು ಹರಿಹರದ ದಾರಿ ಹಿಡಿದ.

ಮಧ್ಯಾಹ್ನ ಊಟಕ್ಕೆ ಕೂತವನು ರೊಟ್ಟಿ ಡಬ್ಬಿಯ ಮುಚ್ಚಳವನ್ನೇ ತೆಗೆಯಲಿಲ್ಲ. ಟಕ್ ಅಂದದ್ದಂತೂ ಅಂದಿದೆ, ಏನಾಗೋದಿಲ್ಲ ಅಂತ ಒಂದು ಮನಸ್ಸು. ಆ ಕಾಲು ಸುತ್ತು ಇಲ್ಲದ ಬೋಲ್ಟು ಏನು ಮಾಡುತ್ತದೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಅಂತ ಇನ್ನೊಂದು. ಇವತ್ತು ಏನೂ ಆಗದೆ ಇರಬಹುದು. ಹೈವೇಯಲ್ಲಿ ಗಂಟೆಗಟ್ಟಲೆ ಓಡಿ ಕಾದ ಮೇಲೆ ಸಡಿಲಾಗುತ್ತದೆ. ಪುಲ್ಲಿ ಆಡೋಕೆ ಶುರುವಾದರೆ ಕೀಲು ಕಡಿದು ಹೋಗುತ್ತದೆ, ಕೀಲು ಹೋದರೆ ಓಡುವ ಎಂಜಿನ್ ಓಡಿದಲ್ಲೇ ಸತ್ತು, ಸ್ಟೇರಿಂಗು ಕಲ್ಲಾಗುತ್ತದೆ. ಹಿಂದೆ ಲಾರಿ, ಮುಂದೆ ಲಾರಿ. ಹಿಂದಿನ ಸೀಟಿನಲ್ಲಿ ಏಳು ತಿಂಗಳ ಬಸುರಿ.

ಫೋನ್ ಹಚ್ಚಿದ. "ಉಜ್ಜನಪ್ಪನೋರೆ, ಮುಟ್ಟಿದ್ರಾ? ಸದ್ದು ಗಿದ್ದು ಏನಾರ ಬಂತೇನ್ರಿ?"

"ಎಲ್ಲಿ ಸದ್ದು ಮೇಸ್ತ್ರಿ. ಬೆಣ್ಣೆ ಜಾರಿದಂಗೆ ಬಂತು. ಈಗಿನ್ನ ನಮ್ಮ ಮನ್ಯಾಕಿ ಮುಂದ ಹೇಳ್ತಿದ್ದೆ, ಕೆಂಚವೀರಪ್ಪ ಸುಣ್ಣ ಹಚ್ಚಿದ್ದಾನೆ, ಇನ್ನು ಹುಬ್ಬಳ್ಳಿ ಏನು, ಕಾಶಿಗೂ ಹೋಗಿಬರಬೋದು ಅಂತ."

"ಹ್ಞೂಂರಿ," ಅಂದು ಫೋನ್ ಇಟ್ಟ. ಹೇಳಬೇಕಾದ ಮಾತು ಬಿಸಿ ತುಪ್ಪದ ಹಾಗೆ ಬಾಯಲ್ಲೇ ಉಳಿಯಿತು, ನುಂಗೋಕೂ ಆಗಲಿಲ್ಲ, ಉಗುಳೋಕೂ ಆಗಲಿಲ್ಲ.

ಹಿದಾಯತ್ ಅತ್ತ ಪಾನಗಳನ್ನು ಒರೆಸಿ ಜೋಡಿಸುತ್ತಿದ್ದ. ತಲೆ ಎತ್ತದೆಯೇ ಅಂದ: "ಇವತ್ತು ಹಗುರ ಎಳೆದ್ರಿ ಕೆಂಚಣ್ಣ. ದಿನಾ ನೀವು ಎಳೆದ್ರೆ ಕೆಳಗೆ ನನ್ನ ರಟ್ಟೆ ಕಿತ್ತು ಬರಂಗೆ ಆಗ್ತಿತ್ತು. ಇವತ್ತು ಸ್ಕ್ರೂಡ್ರೈವರ್ ಜಗ್ಗಲೇ ಇಲ್ಲ."

ಅವನು ಕೊಂಕಾಗಿ ಅಂದದ್ದಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನೋ ಗಾದೆ ಕೇಳಿದ್ದೀರಲ್ಲ, ಕೆಂಚವೀರಪ್ಪನ ಎಡಗೈ ನಿಜಕ್ಕೂ ಬಲಹೆಗಲ ಮೇಲೆ ಹೋಗಿ ಕೂತಿತ್ತು. ಹಿದಾಯತ್ ಆಗ ತಲೆ ಎತ್ತಿ ಆ ಕೈ ನೋಡಿದ, ಮುಟ್ಟದೆ ಬಿಟ್ಟ ರೊಟ್ಟಿ ಡಬ್ಬಿ ನೋಡಿದ. ಏನೂ ಕೇಳಲಿಲ್ಲ. ಕೇಳಿದ್ದರೆ ಕೆಂಚವೀರಪ್ಪ ರೇಗಿಬಿಡುತ್ತಿದ್ದನೋ ಏನೋ. ಕೇಳದೆ ಇದ್ದದ್ದಕ್ಕೆ ಅವನಿಗೆ ಕೂರೋಕಾಗಲಿಲ್ಲ.

"ನಿನ್ನ ಸ್ಕೂಟರ್ ತಗಿ," ಅಂದ. "ಹರಿಹರಕ್ಕೆ ಹೋಗಿ ಬರೋಣ."

"ಈಗಾ?"

"ಈಗ್ಲೇ. ಪೈಪು, ಪಾನ, ಎಲ್ಲಾ ಹಾಕ್ಕೋ."

ಹಿದಾಯತ್ ಸಾಮಾನನ್ನು ಗೋಣಿಚೀಲಕ್ಕೆ ತುಂಬಿದ. ಚೀಲ ಮುಂದೆ, ಕೆಂಚವೀರಪ್ಪ ಹಿಂದೆ. ದಾರಿಯುದ್ದ ಗುಂಡಿ ಬಂದಾಗಲೆಲ್ಲ ಹೆಗಲು ಕಿತ್ತು ಬಂದಂತಾಗುತ್ತಿತ್ತು, ಹಿದಾಯತ್ ಅದು ಗೊತ್ತಾದವನಂತೆ ಗುಂಡಿ ತಪ್ಪಿಸಿ ತಪ್ಪಿಸಿ ಓಡಿಸಿದ. ಹೋಗಿ ಏನಂತ ಹೇಳೋದು? ಸುಮ್ಮನೆ ಒಮ್ಮೆ ನೋಡೋಕೆ ಬಂದೆವು ಅಂದರಾಯಿತು. ಬೋಲ್ಟು ಚೆಕ್ ಮಾಡೋ ಪದ್ಧತಿ ಅಂದರೂ ಆಯಿತು. ಸುಳ್ಳು ಹೊಸೆದದ್ದೇ ಹೊಸೆದದ್ದು. ಹರಿಹರದ ಹೊಳೆಯ ಸೇತುವೆ ಕಡೆಯಿಂದ ಗಾಳಿ ಬೀಸುವ ಹೊತ್ತಿಗೆ ಅದನ್ನು ಹೊಸೆಯೋದೂ ಅವನಿಗೆ ಸಾಕಾಗಿ ಹೋಗಿತ್ತು.

ಉಜ್ಜನಪ್ಪನ ಮನೆ ಮುಂದೆ ಕಾರು ತೊಳೆದು ನಿಲ್ಲಿಸಿದ್ದರು. ಕನ್ನಡಿಗೆ ಹೂವು ಕೂಡ ಸಿಗಿಸಿ ಆಗಿತ್ತು. ಇಬ್ಬರನ್ನೂ ನೋಡಿ ಉಜ್ಜನಪ್ಪನಿಗೆ ಆಶ್ಚರ್ಯ. "ಬರ್ರಿ, ಬರ್ರಿ. ಏನ್ ಮೇಸ್ತ್ರಿ, ಏನಾರ ಮರೆತು ಬಿಟ್ಟು ಬಂದಿದ್ರಾ?"

"ಚಕ್ರ ಬಿಚ್ಚಿ ಒಮ್ಮೆ ನೋಡ್ಬೇಕ್ರಿ," ಅಂದ ಕೆಂಚವೀರಪ್ಪ.

ಹಿದಾಯತ್ ಜಾಕ್ ಕೊಟ್ಟು ಚಕ್ರ ಬಿಚ್ಚಿದ. ಉಜ್ಜನಪ್ಪ ಬಗ್ಗಿ ನೋಡಿದ. ಪುಲ್ಲಿ ನಡುವೆ ಬೋಲ್ಟು, ಬೋಲ್ಟಿನ ಮೇಲೆ ಸುಣ್ಣದ ಗೆರೆ, ಎಲ್ಲೂ ಮುರಿಯದೆ ನೆಟ್ಟಗೆ, ಬೆಳ್ಳಗೆ. ಅವನು ನಕ್ಕ. "ಗೆರೆ ಹೆಂಗಿತ್ತೋ ಹಂಗೇ ಐತಲ್ರಿ. ಸುಮ್ನೆ ಇಷ್ಟು ದೂರ ಬಂದ್ರಿ ನೀವು. ಕೂಡ್ರಿ, ಚಾ ತರಿಸ್ತೀನಿ."

ಅಲ್ಲಿಗೆ ಬಿಟ್ಟಿದ್ದರೂ ನಡೆಯುತ್ತಿತ್ತು. ಇನ್ನೂ ಒಂಚೂರು ಬಿಗಿ ಮಾಡ್ತೀವಿ ಅಂತ ಹಿದಾಯತ್‌ಗೆ ಸನ್ನೆ ಮಾಡಿದ್ದರೂ ನಡೆಯುತ್ತಿತ್ತು. ಯಾರಿಗೆ ತಿಳಿಯಬೇಕು? ಕೆಂಚವೀರಪ್ಪ ಆ ಗೆರೆ ನೋಡುತ್ತಾ ನಿಂತ. ಅವನ ಕೈ ಎಳೆದ ಗೆರೆಗಳಲ್ಲಿ ಇದರಷ್ಟು ನೆಟ್ಟಗಿನದು ಬಹುಶಃ ಇನ್ನೊಂದಿರಲಿಲ್ಲ. ಅದನ್ನು ನೋಡಿ ಅವನಿಗೆ ಹೇಸಿಗೆಯಾಯಿತು. ಕುಕ್ಕರುಗಾಲಲ್ಲಿ ಕೂತು, ಹೆಬ್ಬೆರಳಿಂದ ಒರೆಸಿಬಿಟ್ಟ.

"ಆ ಗೆರೆ ಸುಳ್ಳು, ಉಜ್ಜನಪ್ಪನೋರೆ," ಅಂದ. "ನಾನು ಪೂರ್ತಿ ಎಳೀಲಿಲ್ಲ. ಕೈಲಿ ಆಗ್ಲಿಲ್ಲ. ಆಗ್ಲಿಲ್ಲ ಅಂತ ನಿಮ್ಮೆದುರು ಹೇಳೋಕೆ ನಾಚಿಕೆ ಆತು. ಗೆರೆ ಹಾಕಿ ಕಳಿಸಿಬಿಟ್ಟೆ."

ಉಜ್ಜನಪ್ಪನ ನಗು ಮುಖದಲ್ಲೇ ನಿಂತುಬಿಟ್ಟಿತು. "ಮಧ್ಯಾಹ್ನ ಫೋನ್ ಮಾಡಿದ್ರಲ್ಲ," ಅಂದ.

"ಮಾಡಿದ್ದೆ. ಆವಾಗ್ಲೂ ಹೇಳ್ಲಿಲ್ಲ."

"ನನ್ನ ಮಗಳು ಕೂರೋ ಗಾಡಿ ಅಂತ ಗೊತ್ತಿತ್ತಲ್ರಿ ನಿಮಗೆ."

ಉಜ್ಜನಪ್ಪ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಬಾಗಿಲ ಕಟ್ಟೆಯ ಮೇಲೆ ಹೋಗಿ ಕೂತು ಕಾರಿನ ಕಡೆ ನೋಡುತ್ತಾ ಉಳಿದ. ಒಳಗಿಂದ ಬಂದ ಅವನ ಹೆಂಡತಿ ದ್ರಾಕ್ಷಾಯಣಮ್ಮ ಚಾ ತಟ್ಟೆ ಹಿಡಿದುಕೊಂಡು ಯಾರಿಗೆ ಕೊಡೋದು ಅಂತ ತಿಳಿಯದೆ ನಿಂತಳು.

ಹಿದಾಯತ್ ಪಾನ ಕೈಗೆತ್ತಿಕೊಂಡಿದ್ದ, ಆದರೆ ಬೋಲ್ಟಿನ ಹತ್ತಿರ ಹೋಗಿರಲಿಲ್ಲ. ಕಟ್ಟಳೆ ಕಟ್ಟಳೆಯೇ. ಕೆಂಚವೀರಪ್ಪ ಅವನ ಕಡೆ ತಿರುಗಿದ.

"ಬಿಚ್ಚು."

"ನಾನಾ ಕೆಂಚಣ್ಣ? ಇಲ್ಲಿಂದ್ಲೇ ಮುಂದಕ್ಕೆ ಎಳೆದ್ರೆ ಆಗಲ್ವಾ?"

"ಬ್ಯಾಡ. ಪೂರ್ತಿ ಬಿಚ್ಚು. ಬಿಚ್ಚಿದ ಕೈಯೇ ಕಟ್ಟಬೇಕು. ಇನ್ನು ಬಿಚ್ಚೋ ಕೈ ನಿಂದು."

ಹಿದಾಯತ್ ಅವನ ಮುಖವನ್ನೇ ನೋಡಿದ. ಆಮೇಲೆ ಪೈಪಿಗೆ ಕಾಲು ಕೊಟ್ಟ. ಬೋಲ್ಟು ಸಡಿಲಾಯಿತು, ಅದು ಸಡಿಲಾದ ಸಲೀಸು ಮೂವರಿಗೂ ಕಾಣಿಸಿತು. ಕಟ್ಟೆಯ ಮೇಲಿದ್ದ ಉಜ್ಜನಪ್ಪ ಮುಖ ಆಚೆ ತಿರುಗಿಸಿದ.

ಕೆಂಚವೀರಪ್ಪ ತಾನೇ ಗಾಡಿಯ ಕೆಳಗೆ ಮಲಗಿ, ಎಡಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಫ್ಲೈವೀಲಿನ ಹಲ್ಲಿಗೆ ಕೊಟ್ಟ. ಎಷ್ಟೋ ವರ್ಷದ ಮೇಲೆ ಈ ಜಾಗದಲ್ಲಿ ಮಲಗಿದ್ದು. ಮೇಲೆ ಟಾರ್ಕ್ ಪಾನ ಟಕ್ ಅಂತು. ಆಮೇಲೆ ಪೈಪು ಸಿಗಿಸಿದ ಸದ್ದು. ಆಮೇಲೆ ಎಳೆತ ಬಂತು. ಸ್ಕ್ರೂಡ್ರೈವರ್ ಜಗ್ಗಿ ಅಂಗೈಗೆ ಒತ್ತಿತು, ಮೊಣಕೈ ನೆಲಕ್ಕೆ ಊರಿತು. ಎಳೆತ ನಿಲ್ಲದೆ, ಆತುರವೂ ಇಲ್ಲದೆ, ಕಾಲು ಸುತ್ತು ಮುಗಿಯುವ ತನಕ ಬರುತ್ತಲೇ ಇತ್ತು. ಚೆನ್ನಾಗಿ ಎಳೆದ ಅಂತ ಕೆಂಚವೀರಪ್ಪನಿಗೆ ಗೊತ್ತಾಯಿತು. ತನ್ನ ಕೈಗಿಂತ ಚೆನ್ನಾಗಿ ಅಂತಲೂ ಅನ್ನಿಸಿ ಹೊಟ್ಟೆಕಿಚ್ಚಾಯಿತು. ಅದರ ಹಿಂದೆಯೇ ಅವನ ಮೈ ಸಡಿಲಾಯಿತು, ಅಲ್ಲೇ ಕಾರಿನ ಕೆಳಗೆ ಒಂದು ನಿದ್ದೆ ತೆಗೆಯೋಣ ಅನ್ನೋವಷ್ಟು.

ಹೊರಗೆ ಬಂದು ಮೈ ಕೊಡವಿಕೊಂಡು, ಜೇಬಿನಿಂದ ಸುಣ್ಣದ ಡಬ್ಬಿ ತೆಗೆದ. ಹಿದಾಯತ್ ಗೆರೆಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತ. ಕೆಂಚವೀರಪ್ಪ ಡಬ್ಬಿಯನ್ನು ಅವನ ಕೈಗೆ ಕೊಟ್ಟ.

ಹಿದಾಯತ್‌ಗೆ ಗೆರೆ ಎಳೆದು ರೂಢಿಯಿಲ್ಲ. ಸುಣ್ಣ ಹೆಚ್ಚಾಯಿತು, ಗೆರೆ ದಪ್ಪಗೆ, ಒಂಚೂರು ಸೊಟ್ಟಗೆ ಬಂತು. ಉಜ್ಜನಪ್ಪ ಎದ್ದು ಬಂದು ಬಗ್ಗಿ ಅದನ್ನು ಬಹಳ ಹೊತ್ತು ನೋಡಿದ.

"ಇದು ಯಾರ ಗೆರೆ?" ಅಂತ ಕೇಳಿದ, ನೋಡಿದ್ದರೂ.

"ಹಿದಾಯತ್‌ದು," ಅಂದ ಕೆಂಚವೀರಪ್ಪ.

ಉಜ್ಜನಪ್ಪ ತಲೆಯಾಡಿಸಿದ. ದ್ರಾಕ್ಷಾಯಣಮ್ಮನ ಚಾ ಆರಿ ಹೋಗಿತ್ತು. ಇವರು ಬೇಡವೆಂದರೂ ಕೇಳದೆ ಅವಳು ಮತ್ತೆ ಕಾಸಿಕೊಂಡು ಬಂದು ಕೊಟ್ಟಳು. "ಹೇಳಿದ್ರಲ್ಲ, ಅಷ್ಟೇ ಸಾಕು," ಅಂದಳು ಮೆಲ್ಲಗೆ. ಉಜ್ಜನಪ್ಪ ಅದನ್ನು ಅನ್ನಲಿಲ್ಲ. ಹೊರಡುವಾಗ ಬಾಗಿಲ ತನಕ ಬಂದ, ಯಾವತ್ತಿನಂತೆ ಹೆಗಲ ಮೇಲೆ ಕೈ ಹಾಕಲಿಲ್ಲ.

ಮರುದಿನ ಕೆಂಚವೀರಪ್ಪ ಶೆಡ್ಡಿಗೆ ಹೋದ, ಕೆಲಸ ಮಾಡಲಿಲ್ಲ. ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದ. ಬೆಳಗ್ಗೆ ಹೋದರು, ಈಗ ಹಾವೇರಿ ದಾಟಿರಬಹುದು, ಈಗ ಮಗಳ ಮನೆಯಲ್ಲಿ ಊಟ, ಈಗ ಹೊರಟಿರಬಹುದು. ಹೊತ್ತು ಇಳಿಯಿತು. ಫೋನ್ ಬಂತು, ಆದರೆ ಅವನ ಮಡಿಲಿನದಲ್ಲ. ಹಿದಾಯತ್ ಗ್ರೀಸಿನ ಕೈ ಅಂಗಿಗೆ ಒರೆಸಿಕೊಂಡು ತನ್ನ ಫೋನ್ ಎತ್ತಿದ.

"ಹ್ಞಾಂ ಉಜ್ಜನಪ್ಪನೋರೆ... ಮುಟ್ಟಿದ್ರಾ... ಅಕ್ಕೋರು ಆರಾಮಾಗಿದಾರಾ... ಒಳ್ಳೇದಾತು... ಹ್ಞೂಂ, ನಾನೇ ನೋಡ್ತೀನಿ, ತಗೊಂಡು ಬರ್ರಿ." ಆಮೇಲೆ, "ಕೆಂಚಣ್ಣ ಇಲ್ಲೇ ಅದಾರೆ. ಕೊಡ್ಲಾ?" ಅಂದ. ಆ ಕಡೆಯಿಂದ ಏನೋ ಹೇಳಿದರು. ಹಿದಾಯತ್ ಫೋನ್ ಇಟ್ಟ.

"ರೂಪಶ್ರೀ ಅಕ್ಕೋರು ಹರಿಹರಕ್ಕೆ ಬಂದಿಳಿದ್ರಂತೆ," ಅಂದ. "ಎಲ್ಲಾ ಆರಾಮಂತೆ."

"ಆತು," ಅಂದ ಕೆಂಚವೀರಪ್ಪ. ಈ ಸಲದ ಆತು ನಿಜವಾದದ್ದು. ಆ ಕೂಸಿಗೆ ಏನೂ ಆಗಲಿಲ್ಲ, ಅಷ್ಟು ಸಾಕು ಅಂತ ತನಗೆ ತಾನೇ ಎರಡೆರಡು ಸಲ ಹೇಳಿಕೊಂಡ. ಸಾಕಾಗಿತ್ತು, ಆದರೂ ಎದೆಯಲ್ಲಿ ಉರಿ ಇತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರೋದಿಲ್ಲ. ಇವನದು ಅಡಿಕೆಗೂ ಹೋಗಿರಲಿಲ್ಲ, ಚಿಟಿಕೆ ಸುಣ್ಣಕ್ಕೆ ಹೋಗಿತ್ತು.

ಸಂಜೆ ಮನೆಗೆ ಬಂದಾಗ ಉಚ್ಚೆಂಗೆಮ್ಮ ಒಲೆ ಮುಂದೆ ಇದ್ದಳು, ಭಟ್ಟಿಯ ಹೊಗೆ ವಾಸನೆ ಇನ್ನೂ ಸೀರೆಯಲ್ಲೇ ಇತ್ತು. ಕೆಂಚವೀರಪ್ಪ ಎಡಗೈಯಿಂದ ನಿಧಾನವಾಗಿ ಅಂಗಿ ಬಿಚ್ಚಿದ. ಮೇಲಿನ ಮೊಳೆಯ ಕಡೆ ಒಮ್ಮೆ ನೋಡಿದ. ಆಮೇಲೆ ಬಗ್ಗಿ, ಅಂಗಿಯನ್ನು ಕೆಳಗಿನ ಮೊಳೆಗೆ ಹಾಕಿದ.

ಉಚ್ಚೆಂಗೆಮ್ಮ ನೋಡಿದಳು. ಬಡಿಯುತ್ತಿದ್ದ ರೊಟ್ಟಿ ಅಷ್ಟಕ್ಕೇ ನಿಂತಿತು, ಮತ್ತೆ ಶುರುವಾಯಿತು.

"ಕೈಕಾಲು ತೊಳ್ಕೊಂಡು ಬರ್ರಿ," ಅಂದಳು. "ಎಣ್ಣೆ ಕಾಸಿಟ್ಟೀನಿ. ಉಂಡ ಮೇಲೆ ಹೆಗಲಿಗೆ ಹಚ್ತೀನಿ."

ಅವನು ಬೇಡ ಅನ್ನಲಿಲ್ಲ.